ಎರಡು ಮೊಂಡು ಕತ್ತಿಗಳು

ಹೊಳೆಯ ದಂಡೆಯಲ್ಲಿ ಮುರಿಗೆಯ್ಯನವರ ಕತ್ತಿವರಸೆಯ ಮನೆಯಿತ್ತು. ಹರೆಯದಲ್ಲಿ ಇಟಲಿಗೆ ಹೋಗಿ ಅಲ್ಲಿಯ ಹಳೆಯ ವರಸೆ ಕಲಿತು ಬಂದವರು ಅವರು. ತಮ್ಮ ಗುರುವಿನ ಕತ್ತಿಯ ಅಳತೆ ಹಿಡಿದು ಅಭ್ಯಾಸಕ್ಕೆಂದು ಎರಡು ಕತ್ತಿ ಮಾಡಿಸಿದ್ದರು. ಅದೇ ಬಾಗು, ಅದೇ ತೂಕ. ಅಲಗು ಮಾತ್ರ ಮೊಂಡು, ತುದಿ ಗುಂಡಗೆ.

ಒಂದು ಗುರು ಮುರಿಗೆಯ್ಯನವರಿಗೆ, ಒಂದು ಶಿಷ್ಯ ಇಂದುಧರನಿಗೆ.

ಪಾಠದಲ್ಲಿ ಗುರು ಬೇಕೆಂದೇ ಎಲ್ಲೋ ಒಂದು ಕಡೆ ಕಾವಲು ಸಡಿಲಿಸುವರು. ಶಿಷ್ಯ ಅದನ್ನು ಕಂಡು ಅಲ್ಲಿಗೇ ಹೊಡೆಯಬೇಕು. ಪೆಟ್ಟು ತಿಂದವರು ತಾವೇ "ತಾಗಿತು" ಎನ್ನಬೇಕು.

"ಈ ಮೊಂಡು ಕತ್ತಿಯಲ್ಲೇ ಇನ್ನೆಷ್ಟು ದಿನ ಗುರುಗಳೇ?" ಎಂದ ಇಂದುಧರ.

"ಯಾಕಪ್ಪಾ?"

"ದೋಣಿಯವರು ನಗ್ತಾರೆ. ನಿನ್ನ ಕತ್ತಿಗೆ ಬದನೆಕಾಯಿಯಾದರೂ ಹೆಚ್ಚೋಕೆ ಬರುತ್ತೇನೋ ಅಂತಾರೆ."

"ಹೆಚ್ಚೋದಕ್ಕೆ ಮನೆಯಲ್ಲಿ ಈಳಿಗೆಮಣೆ ಇದೆಯಲ್ಲ," ಎಂದರು ಗುರು.

ಇಂದುಧರನಿಗೆ ನಗು ಬರಲಿಲ್ಲ. ಆ ಸಂಜೆ ಗುರುಗಳು ಹೊಳೆಗಿಳಿದಾಗ ತನ್ನ ಕತ್ತಿಯನ್ನು ಸಾಣೆಕಲ್ಲಿಗೆ ಹಿಡಿದ. ದೋಣಿಯವರ ಮುಂದೆ ಬಾಳೆದಿಂಡು ಕಡಿದು ತೋರಿಸಿದ. ಅವರು ಭೇಷ್ ಎಂದರು. ಆಮೇಲೆ ಅಲಗನ್ನು ಮತ್ತೆ ಮೊಂಡು ಮಾಡಲು ಮನಸ್ಸು ಬರಲಿಲ್ಲ. ನಾಳೆ ಮೆಲ್ಲಗೆ ಹೊಡೆದರಾಯಿತು ಎಂದುಕೊಂಡ.

ಬೆಳಿಗ್ಗೆ ಗುರು ಬಲ ಮಣಿಕಟ್ಟನ್ನು ತೆರೆದಿಟ್ಟರು. ಇಂದುಧರನ ಕೈ ಕಲಿತಂತೆಯೇ ಹಾರಿತು.

"ತಾಗಿತು," ಎಂದರು ಗುರು, ಎಂದಿನ ದನಿಯಲ್ಲೇ. ಮರುಕ್ಷಣ ಅವರ ಕತ್ತಿ ನೆಲಕ್ಕೆ ಬಿತ್ತು. ಅದರ ಹಿಡಿಯೆಲ್ಲ ರಕ್ತವಾಗಿತ್ತು.

ಗಾಯ ಮಾಗಿತು. ಆ ಕೈಯ ಬೆರಳುಗಳನ್ನು ಮಾತ್ರ ಮತ್ತೆ ಮಡಚಲಾಗಲಿಲ್ಲ. ಇಂದುಧರನೇ ಅನ್ನ ಕಲಸಿ ತುತ್ತು ಮಾಡಿ ಕೊಡುತ್ತಿದ್ದ. ಗುರು ಒಂದು ಮಾತೂ ಬೈಯಲಿಲ್ಲ. ಅದನ್ನೇ ಅವನಿಗೆ ತಾಳಲಾಗಲಿಲ್ಲ.

ಒಂದು ದಿನ ಗಂಟು ಕಟ್ಟಿಕೊಂಡು ಬಂದು ಕಾಲಿಗೆ ಬಿದ್ದ.

"ಹೋಗ್ತೀನಿ ಗುರುಗಳೇ."

"ಕತ್ತಿ?"

"ತೇದು ಮೊಂಡು ಮಾಡಿಟ್ಟಿದ್ದೀನಿ. ಆದರೆ ತೂಕ ಕಡಿಮೆಯಾಗಿದೆ. ಜೋಡಿಗೆ ಇನ್ನು ಸಮ ಬರೋದಿಲ್ಲ."

"ಇನ್ನೊಂದನ್ನೂ ಅಷ್ಟೇ ತೇಯಿ."

ಅವನು ಅಳುತ್ತಾ ತೇದ. ಎರಡೂ ಸಮ ತೂಗುವ ಹೊತ್ತಿಗೆ ಬಿಸಿಲು ಅಂಗಳಕ್ಕೆ ಇಳಿದಿತ್ತು.

ಗುರು ಒಂದನ್ನು ಎಡಗೈಯಲ್ಲಿ ಎತ್ತಿಕೊಂಡರು. ಕತ್ತಿಯ ತುದಿ ಅದುರುತ್ತಿತ್ತು.

"ಎದುರು ನಿಲ್ಲು."

"ನನ್ನಿಂದಾಗದು. ನನ್ನೆದುರು ನೀವು ಇನ್ನು ಹೇಗೆ ಕಾವಲು ಸಡಿಲಿಸ್ತೀರಿ?"

"ಇನ್ನು ಸಡಿಲಿಸಬೇಕಾದವನು ನೀನು," ಎಂದರು ಗುರು. "ಈ ಕೈಗೆ ಏನೂ ಬಾರದು. ಹೇಳಿಕೊಡು."