ಇಬ್ಬನಿಯನ್ನು ಬೈದ ಕೆಂಚವ್ವ

ಮುಗಿಲನ್ನು ಹೊದ್ದು, ಮಣ್ಣನ್ನು ಹಾಸಿ, ನಡುವೆ ನಮ್ಮನ್ನೆಲ್ಲ ಇಟ್ಟುಕೊಂಡು ಕಾಯುವ ಸ್ವಾಮೀ, ನಿನ್ನ ಪಾದಕ್ಕೆ ಮೊದಲ ಶರಣು. ಹೇಳುವ ನಾಲಿಗೆ ತಪ್ಪಿದರೆ ತಿದ್ದು. ಕೇಳುವ ಮಕ್ಕಳನ್ನು ಬೆಚ್ಚಗಿಡು.

ಆಗ ಲೋಕ ಹೊಸದು. ಬೆಟ್ಟಗಳ ಮೈ ಇನ್ನೂ ಆರಿರಲಿಲ್ಲ, ಹೊಳೆಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಸ್ವಾಮಿ ಕಲ್ಲಿಗೆ, ಮರಕ್ಕೆ, ಕುರಿಗೆ, ಮನುಷ್ಯರಿಗೆ, ಎಲ್ಲರಿಗೂ ಮಿಂಚಿನ ನುಚ್ಚು ಹಂಚಿದ್ದ. ಕಣ್ಣಿಗೆ ಕಾಣದಷ್ಟು ಸಣ್ಣ ನುಚ್ಚು. ಯಾರಿಗೆ ಎಷ್ಟು ಬೇಕೋ ಅಷ್ಟು. ಅವರವರ ನುಚ್ಚು ಅವರವರ ಹತ್ತಿರ ಇದ್ದಷ್ಟು ಹೊತ್ತು ಎಲ್ಲರೂ ತಣ್ಣಗಿರುತ್ತಿದ್ದರು.

ಮೈಗೆ ಮೈ ಉಜ್ಜಿದಾಗ ಒಂದಿಷ್ಟು ನುಚ್ಚು ಆಚೀಚೆ ಆಗುತ್ತಿತ್ತು. ಆಗಲಿ ಬಿಡಿ, ಅದಕ್ಕೇ ಇಬ್ಬನಿ ಇದ್ದಳಲ್ಲ! ದಿನಾ ಬೆಳಗ್ಗೆ ಬಂದು, ಒದ್ದೆ ಸೆರಗಿನಲ್ಲಿ ಒರೆಸಿಕೊಂಡು, ಅವರವರದ್ದನ್ನು ಅವರವರಿಗೆ ತಲುಪಿಸಿ ಹೋಗುತ್ತಿದ್ದಳು.

ಆ ಕಾಲದಲ್ಲಿ ಕಂಬಳಿ ನೇಯುವವಳು ಒಬ್ಬಳೇ ಒಬ್ಬಳು, ಕೆಂಚವ್ವ. ಕೈ ಬಂಗಾರ, ಕೋಪ ಮಾತ್ರ ಮೂಗಿನ ತುದಿಯಲ್ಲಿ. ಅವಳ ಮಗಳು ಹೆತ್ತು ಒಂಬತ್ತು ದಿನವಾಗಿತ್ತು. ಲೋಕದ ಮೊದಲ ಚಳಿ ಮೂಡಣ ಗುಡ್ಡದ ಮೇಲೆ ಬಂದು ಕೂತಿತ್ತು. ಅದು ಕೆಳಗಿಳಿಯುವುದರೊಳಗೆ ಕೂಸಿಗೆ ಕಂಬಳಿ ಆಗಬೇಕು. ಆಗದಿದ್ದರೆ? ಆ ಮಾತನ್ನು ಕೆಂಚವ್ವ ನೆನೆಯಲೂ ಒಲ್ಲಳು.

ಹಿಂಜಿದ ಉಣ್ಣೆಯನ್ನು ಅಂಗಳದಲ್ಲಿ ಹರವಿದ್ದಳು. ಬೆಳಗ್ಗೆ ನೋಡಿದರೆ ಎಲ್ಲ ಒದ್ದೆ.

"ಏ ಒದ್ದೆಮುಖದವಳೇ! ಮೊಮ್ಮಗನಿಗೆ ಅಂತ ಹಿಂಜಿಟ್ಟಿದ್ದು ಇದು. ನಿನಗೆ ಕಾಲಿಡೋಕೆ ಬೇರೆ ಜಾಗ ಸಿಗಲಿಲ್ವಾ?"

"ಅವ್ವಾ, ನುಚ್ಚು ತಿರುಗಿಸೋಕೆ ಬಂದಿದ್ದೆ..." ಎಂದಳು ಇಬ್ಬನಿ.

"ನಿನ್ನ ನುಚ್ಚೂ ಬೇಡ, ಗಂಜಿಯೂ ಬೇಡ! ಇನ್ನೊಂದು ಸಲ ಈ ಅಂಗಳಕ್ಕೆ ಬಾ, ಪೊರಕೆ ಹೇಗಿರುತ್ತೆ ತೋರಿಸ್ತೀನಿ."

ಇಬ್ಬನಿಗೂ ಸಿಟ್ಟು ಬಂತು. ಸೆರಗು ಕೊಡವಿಕೊಂಡು ಹೊರಟೇಹೋದಳು. ಅವಳು ಹೋದ ದಾರಿಯಲ್ಲೇ ಒಣ ಮೂಡಗಾಳಿ ಬಂತು. ಉಣ್ಣೆ ಒಣಗಿತು, ಅಂಗಳ ಒಣಗಿತು, ತುಟಿ ಒಡೆಯಿತು.

ಕೆಂಚವ್ವ ಮರದ ಮಣೆಯ ಮೇಲೆ ಕಾಲು ಮಡಚಿ ಕೂತು ನೂಲತೊಡಗಿದಳು. ಕೈತುಂಬ ಅರಗಿನ ಬಳೆ. ನೂಲುವಾಗೆಲ್ಲ ಬಳೆ ಉಣ್ಣೆಗೆ ಉಜ್ಜಿತು. ಉಜ್ಜಿದಷ್ಟೂ ಉಣ್ಣೆಯ ನುಚ್ಚು ಅರಗಿನ ಮೈಗೆ ಹತ್ತಿತು. ತಿರುಗಿಸಿ ಕೊಡುವವಳು ಇಲ್ಲ.

"ಕಳ್ಳಿ, ನಮ್ಮ ನುಚ್ಚು ಕೊಡೇ!" ಎಂದು ಉಣ್ಣೆ ಕೂಗಿತು.

"ನಾನೇನು ಕೇಳಿದೆನಾ? ನೀನೇ ಬಂದು ಉಜ್ಜಿದೆ," ಎಂದಿತು ಅರಗು.

ಉಣ್ಣೆ ಹಾರಿ ಬಂದು ಬಳೆಯನ್ನು ಕಚ್ಚಿ ಹಿಡಿಯಿತು. ನುಚ್ಚು ಕಳಕೊಂಡ ಎಳೆಗಳು ಒಂದನ್ನೊಂದು ಕಂಡು ಉರಿದು ದೂರ ದೂರ ಸೆಟೆದವು. ನುಚ್ಚು ತುಂಬಿಕೊಂಡ ಬಳೆಗಳೂ ಅಷ್ಟೇ, ಒಂದನ್ನೊಂದು "ಆಚೆ ಹೋಗು" ಎಂದು ತಳ್ಳಿದವು. ಕೆಂಚವ್ವನ ತಲೆಗೂದಲು ಮುಳ್ಳುಹಂದಿಯಾಯಿತು.

ಗಂಡ ಕಾಟಯ್ಯ ಬಾಗಿಲಲ್ಲಿ ನಿಂತು ನೋಡಿದ. "ಏನೇ, ಆ ಬಳೆ ಸ್ವಲ್ಪ ತೆಗೆದಿಟ್ಟು..."

"ಏನಂದೆ? ಗುಂಡುಕಲ್ಲಿನ ಹಾಗೆ ಗಂಡ ಎದುರಿಗೆ ನಿಂತಿರುವಾಗ ನಾನು ಬಳೆ ತೆಗೀಲಾ?"

"ತಪ್ಪಾಯ್ತು ಮಾರಾಯ್ತಿ," ಎಂದು ಅವಳ ಕೂದಲು ಸವರಲು ಹೋದ. ಚಟ್! ಅಂತ ಕಿಡಿ ಹಾರಿ ಅವನ ಬೆರಳು ಕಚ್ಚಿತು. ಕಾಟಯ್ಯ ಮತ್ತೆ ಆ ಕಡೆ ಸುಳಿಯಲಿಲ್ಲ.

ಕೆಂಚವ್ವನ ಸಿಟ್ಟು ಏರಿತು. ಸಿಟ್ಟು ಏರಿದಷ್ಟೂ ಜೋರಾಗಿ ಉಜ್ಜಿದಳು. ಜೋರಾಗಿ ಉಜ್ಜಿದಷ್ಟೂ ನೂಲು ಸೆಟೆಯಿತು. ಅಷ್ಟರಲ್ಲಿ ಗುಡ್ಡದಿಂದ ಚಳಿ ಒಂದು ಹೆಜ್ಜೆ ಇಳಿಯಿತು. ಪಕ್ಕದ ತೊಟ್ಟಿಲಲ್ಲಿ ಕೂಸು ಅತ್ತಿತು.

"ಬಂದೆ ಕಂದಾ," ಎಂದು ಕೂತಲ್ಲಿಂದಲೇ ಕೈ ಚಾಚಿ ಕೆನ್ನೆ ಮುಟ್ಟಿದಳು.

ಚಟ್!

ಕೂಸು ಕಿಟಾರನೆ ಕಿರುಚಿತು. ಕೆಂಚವ್ವ ತನ್ನ ಬೆರಳನ್ನೇ ನೋಡಿದಳು. ಆಮೇಲೆ ಮಣೆಯಿಂದ ಧುಮುಕಿ, ಎರಡೂ ಅಂಗೈಯಿಂದ ನೆಲಕ್ಕೆ ಬಡಿದಳು.

"ಭೂಮ್ತಾಯೀ! ನನ್ನ ಕೂಸನ್ನು ಕಚ್ಚಿದ್ದು ಯಾವುದು? ಅದರ ಬಾಯಿಗೆ ಮಣ್ಣು ಹಾಕ!"

"ಕಚ್ಚಿದ್ದು ನಿನ್ನ ಬೆರಳೇ ಮಗಳೇ," ಎಂದಳು ಭೂಮಿತಾಯಿ. "ಮಣ್ಣು ನಾನೇ. ಈಗ ಅಂಗೈ ಊರಿದೆಯಲ್ಲ, ನಿನ್ನ ಮೈಯ ಏರುಪೇರು ಸರಿಮಾಡಿದೆ. ಬೆಳಗಿನಿಂದ ಮಣೆ ಮೇಲೆ ಕಾಲು ಮಡಚಿ ಕೂತೆ, ನನ್ನನ್ನು ಮುಟ್ಟಲೇ ಇಲ್ಲ. ಆದರೆ ಉಣ್ಣೆ, ಅರಗು ಎರಡೂ ಬಿಗಿಮುಷ್ಟಿಯವು. ಅವುಗಳ ಮುಷ್ಟಿ ಬಿಡಿಸೋಕೆ ಒದ್ದೆ ಕೈಯೇ ಬೇಕು. ಇಬ್ಬನಿಯನ್ನು ಕರಿ."

ಕೆಂಚವ್ವ ಹಲ್ಲು ಕಚ್ಚಿದಳು. ತೊಟ್ಟಿಲ ಕಡೆ ನೋಡಿದಳು.

"ಏ ಒದ್ದೆಮುಖದವಳೇ, ಬಾರೇ! ನನಗಲ್ಲ, ಕೂಸಿಗೆ."

"ಬರಲ್ಲ," ಎಂದಳು ಇಬ್ಬನಿ ದೂರದಿಂದ. "ಪೊರಕೆ ಮರೆತಿಲ್ಲ. ಈ ಮೂಡಗಾಳಿ ಬೀಸುವಾಗ ನಿನ್ನ ಅಂಗಳ ತುಳಿಯೋಲ್ಲ. ಆದರೆ ಕೂಸು ನನಗೇನು ಮಾಡಿತು? ಹುಣಸೆ ಬೀಜ ಅರೆದು ಗಂಜಿ ಕಾಸು, ನೂಲಿಗೆ ಬಳಿ. ಆ ನೀರಿನಲ್ಲಿ ನನ್ನ ಕೈ ಇರುತ್ತೆ. ಗಂಜಿ ಬೇಡ ಅಂದಿದ್ದೆಯಲ್ಲ, ಈಗ ಅದನ್ನೇ ಕಲಸು."

ಕೆಂಚವ್ವ ಬೈಯುತ್ತಲೇ ಬೀಜ ಅರೆದಳು, ಬೈಯುತ್ತಲೇ ಗಂಜಿ ಕಾಸಿದಳು. ಗಂಜಿಯ ಕೈಯಲ್ಲಿ ನೂಲು ಸವರಿದಾಗ ಬಳೆಯೂ ನೆನೆಯಿತು, ಉಣ್ಣೆಯೂ ನೆನೆಯಿತು. ಒಂದೊಂದು ನುಚ್ಚೂ ಜಾರಿ ತನ್ನ ಮನೆ ಸೇರಿತು. ಸೆಟೆದಿದ್ದ ಎಳೆಗಳು ಪಕ್ಕಪಕ್ಕ ಮಲಗಿದವು. ಚಳಿ ಹೊಸ್ತಿಲಿಗೆ ಬಂದು ಇಣುಕುವಷ್ಟರಲ್ಲಿ ಕೂಸು ಕಂಬಳಿಯೊಳಗೆ ಬೆಚ್ಚಗಿತ್ತು.

ಆದರೆ ಇಬ್ಬನಿಯ ಮುನಿಸು ಪೂರ್ತಿ ಇಳಿಯಲಿಲ್ಲ. ಅದಕ್ಕೇ ನೋಡಿ ಮಕ್ಕಳೇ, ಮಳೆಗಾಲದಲ್ಲಿ ಸುಮ್ಮನಿರುವ ಕಂಬಳಿ, ಒಣಗಾಳಿಯ ಚಳಿಯಲ್ಲಿ ನೀವು ತಲೆಯಿಂದ ಎಳೆದಾಗ ಚಟಪಟ ಅಂತ ಕಿಡಿ ಕಾರಿ, ಕೂದಲನ್ನೆಲ್ಲ ಎಬ್ಬಿಸಿ, ಇಂದಿಗೂ ತನ್ನ ನುಚ್ಚು ಕೇಳುತ್ತದೆ.

ಕೇಳಿದ ನಿಮ್ಮೆಲ್ಲರ ಪಾಲಿನದು ನಿಮ್ಮಲ್ಲೇ ಉಳಿಯಲಿ. ಸಿಟ್ಟು ಬಂದಾಗ ಕೈ ಮೊದಲು ನೆಲ ಮುಟ್ಟಲಿ, ಆಮೇಲೆ ಕೂಸನ್ನು ಮುಟ್ಟಲಿ. ಸ್ವಾಮಿ ನಿಮ್ಮನ್ನು ಬೆಚ್ಚಗೆ ಹೊದಿಸಿ ಕಾಯಲಿ.