ಆಕಳ ಕಿವಿಯ ಬುಗುಡಿ

ಹೊಳೆಯ ದಂಡೆಗೆ ಒಂದು ಸಣ್ಣ ಮಠ. ಎರಡು ಖೋಲಿ, ಒಂದು ಬೇವಿನ ಮರ, ಕೆಂದಿ ಅನ್ನುವ ಒಂದು ಆಕಳು, ಮತ್ತು ಒಬ್ಬರು ಅಜ್ಜಾರು. ಆ ಸೀಮೆಯಲ್ಲಿ ಮಠದ ಗುರುಗಳನ್ನು ಅಜ್ಜಾರು ಅಂತಲೇ ಕರೆಯುವುದು.

ಅವರ ಶಿಷ್ಯರಲ್ಲಿ ಹಳಬಳು ದಾನಮ್ಮ. ಸೋಮವಾರ ಬಂದು ಮಠದ ಜೋಳ ಹಸನು ಮಾಡುವಳು, ಅಜ್ಜಾರ ಮಾತು ಕೇಳುವಳು, ಕೇಳಿದ್ದನ್ನು ಮರುದಿನ ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳುವಳು, ಹೇಳಿ ಮುಗಿಸುವಷ್ಟರಲ್ಲಿ ತಾನು ಮರೆಯುವಳು. ಆಸೆ ಬಿಡಬೇಕು ಅನ್ನುವ ಪಾಠವಂತೂ ಆಕೆಗೆ ಬಾಯಿಪಾಠ.

ಆ ಸೋಮವಾರ ಆಕೆ ಮೊರ ಮುಟ್ಟಲಿಲ್ಲ. ಸೆರಗಿನ ಗಂಟು ಬಿಚ್ಚಿ, ಒಂದು ಸಣ್ಣ ಹಿತ್ತಾಳೆ ಡಬ್ಬಿ ತೆಗೆದು ಅಜ್ಜಾರ ಮುಂದೆ ಕುಕ್ಕಿದಳು.

"ಇವನ್ನ ಮಠಕ್ಕ ಕೊಟ್ಟೀನ್ರಿ ಅಜ್ಜಾರ. ಇನ್ನ ನನಗೂ ಇವಕ್ಕೂ ಸಂಬಂಧ ಇಲ್ಲ."

ಅಜ್ಜಾರು ಡಬ್ಬಿ ತೆರೆದರು. ಒಳಗೆ ಒಂದು ಜೊತೆ ಬುಗುಡಿ ಇತ್ತು. ಕಿವಿಯ ಮೇಲಂಚಿಗೆ ತೂತು ಮಾಡಿಸಿ ಹಾಕಿಕೊಳ್ಳುವ ಹಳೆಯ ಕಾಲದ ಒಡವೆ. ನಡುವೆ ಕೆಂಪು ಹರಳು, ಸುತ್ತ ಮುತ್ತು, ಹಿಂದೆ ಬಂಗಾರದ ತಿರುಪು.

"ಚಂದ ಅದಾವು," ಅಂದರು. "ಯಾಕ ಕೊಡಾಕತ್ತಿ?"

"ಸೊಸಿ ಕಾಟ ತಾಳಲಾರದ."

ಅಷ್ಟು ಕೇಳಿದ್ದೇ ತಡ, ವಾರವಿಡೀ ನುಂಗಿಕೊಂಡದ್ದೆಲ್ಲ ಹೊರಗೆ ಬಂತು.

"ಇವು ನಮ್ಮ ಅತ್ತಿವು ರೀ. ಅವರಿಗೆ ಅವರ ಅತ್ತಿ ಕೊಟ್ಟಿದ್ದು. ಈಗ ನಮ್ಮ ವೈಶಾಲಿ ಇವನ್ನ ಮುರಿಸಿ, ಕೆಳಗಿನ ಕಿವಿಗೆ ಬೆಂಡವಾಲಿ ಮಾಡಿಸ್ಕೋತೀನಿ ಅಂತಾಳ. ಡಬ್ಬ್ಯಾಗ ಇಟ್ಟು ಏನ ಮಾಡ್ತೀರಿ ಅತ್ತಿ, ಹಾಕ್ಕೊಂಡ್ರ ಹಿರ್ಯಾರಿಗೂ ಖುಷಿ ಅಂತ ನನಗ ಬುದ್ಧಿ ಹೇಳ್ತಾಳ. ಮುರಿಸೂದಂದ್ರ ಏನ್ರಿ? ಹಿರ್ಯಾರ ನೆನಪು ಅದು, ಬೆಲ್ಲದ ಹೆಂಟಿ ಅಲ್ಲ."

"ನೀ ಏನಂದಿ?"

"ನಾ ಇರೂತನ ಆಗೂದಿಲ್ಲ ಅಂದೆ. ಅವತ್ತಿಂದ ಅಕಿ ಬಾಯಿ ಮುಚ್ಯಾಳ. ರೊಟ್ಟಿ ಬಡಿದು ಮುಂದ ಇಡ್ತಾಳ, ಮಾತಿಲ್ಲ. ಮೊದಲ ಸಾಲ್ಯಾಗ ಪಾಠ ಹೇಳಿ ಮನಿಗೆ ಬಂದ ಕೂಡ್ಲೆ ಚಪ್ಪಲ್ ಕಳಿಯೂಕಿಂತ ಮುಂಚೆ ಸಾಲಿ ಹುಡುಗೂರ ಸುದ್ದಿ ಚಾಲು ಮಾಡಾಕಿ. ಈಗ ಬ್ಯಾಗ್ ಇಟ್ಟು ಒಳಗ ಹೋಗ್ತಾಳ. ಮನಿ ಮನಿಯಂಗ ಇಲ್ರಿ."

ಕೊನೆಯ ಮಾತಿಗೆ ದನಿ ಕುಸಿಯಿತು. ಸೊಸೆಯ ಮೇಲೆ ಸಿಟ್ಟು ಇದ್ದದ್ದು ನಿಜ. ಆದರೆ ಆ ಸಂಜೆಯ ಹರಟೆ ಇಲ್ಲದೆ ದಾನಮ್ಮನಿಗೆ ಹೊತ್ತೇ ಹೋಗುತ್ತಿರಲಿಲ್ಲ, ಹುಡುಗಿ ಹೀಗೇ ದೂರ ಸರಿದುಬಿಟ್ಟರೆ ಏನು ಗತಿ ಅಂತ ಒಳಗೊಳಗೇ ಅಂಜಿಕೆಯಾಗಿತ್ತು. ಅದನ್ನು ಒಪ್ಪಿಕೊಳ್ಳುವುದಕ್ಕಿಂತ ಬುಗುಡಿಯನ್ನು ಮಠಕ್ಕೆ ಕೊಟ್ಟು ಕೈ ತೊಳೆದುಕೊಳ್ಳುವುದು ಸುಲಭ ಅನ್ನಿಸಿತ್ತು.

"ಅದಕ್ಕ ತಂದು ಕೊಟ್ಟೆ. ಆಸೆ ಬಿಡಬೇಕು ಅಂತ ನೀವ ಹೇಳೀರಿ."

ಅಜ್ಜಾರು ನಿಟ್ಟುಸಿರು ಬಿಟ್ಟರು. ತಮ್ಮ ಮಾತು ಹೀಗೆ ತಿರುಗಿ ಬರುವುದು ಅವರಿಗೆ ಹೊಸದಲ್ಲ.

"ಪೂರಾ ಕೊಟ್ಟಿ?"

"ಪೂರಾ ಕೊಟ್ಟೀನ್ರಿ."

"ಹಂಗ್ಯಾಕ ಮಾಡಿದ್ರಿ, ಹಿಂಗ್ಯಾಕ ಮಾಡಿದ್ರಿ ಅಂತ ಆಮ್ಯಾಲ ಕೇಳಂಗಿಲ್ಲ."

"ನಾ ಯಾಕ ಕೇಳಲಿ?"

ಅಜ್ಜಾರು ಡಬ್ಬಿ ಹಿಡಿದು ಎದ್ದರು. ಗದ್ದುಗೆಯ ಮುಂದೆ ಇಡುತ್ತಾರೆ ಅಂತ ದಾನಮ್ಮ ಸೆರಗು ಸರಿಮಾಡಿಕೊಂಡು ಕೈ ಮುಗಿದಳು. ಅಜ್ಜಾರು ಗದ್ದುಗೆ ದಾಟಿ ದನದ ಕೊಟ್ಟಿಗೆಗೆ ಹೋದರು.

ಕೆಂದಿಯ ಕಿವಿಯಲ್ಲಿ ಒಂದು ತೂತಿತ್ತು. ದನದ ದವಾಖಾನೆಯವರು ಹಾಕಿದ ಹಳದಿ ಬಿಲ್ಲೆ ಎಲ್ಲೋ ಉದುರಿಹೋಗಿ ತೂತು ಮಾತ್ರ ಉಳಿದಿತ್ತು. ಅಜ್ಜಾರು ಒಂದು ಬುಗುಡಿಯನ್ನು ಆ ತೂತಿಗೆ ತೂರಿಸಿದರು. ಹಿಂದಿನಿಂದ ತಿರುಪು ಬಿಗಿದರು. ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು.

"ಒಪ್ಪತೈತಿ."

ಕೆಂದಿ ಕಿವಿ ಬಡಿಯಿತು.

"ಅಜ್ಜಾರ, ಏನ ಮಾಡಾಕತ್ತೀರಿ?"

"ಹಾಕಾಕತ್ತೀನಿ. ಒಡವಿ ಇರೂದು ಹಾಕ್ಕೊಳ್ಳಾಕ."

"ದನದ ಕಿವಿಗೆ?"

"ಮತ್ತ್ಯಾರಿಗೆ ಹಾಕಲಿ? ಗದ್ದಿಗಿಗೆ ಕಿವಿ ಇಲ್ಲ. ನನಗ ಕಿವಿ ಅದಾವು, ತೂತಿಲ್ಲ. ಮಠದಾಗ ತೂತಿರೂ ಕಿವಿ ಇದೊಂದ."

ಹಾಗೆಂದು ಹಗ್ಗ ಬಿಚ್ಚಿಬಿಟ್ಟರು. ನೀರು ಕುಡಿಯುವ ಹೊತ್ತು. ಕೆಂದಿ ಬುಗುಡಿ ಅಲುಗಿಸುತ್ತ ಹೊಳೆಯ ಕಡೆ ಹೊರಟಿತು.

ದಾನಮ್ಮ ಒಂದು ಗಳಿಗೆ ತಡೆದುಕೊಂಡಳು. ಕೊಟ್ಟಾಗಿದೆ, ಸಂಬಂಧವಿಲ್ಲ ಅಂತಲೂ ಹೇಳಿಯಾಗಿದೆ. ಮರುಗಳಿಗೆ ಆಸೆ ಬಿಡುವ ಪಾಠವನ್ನು ಬೇವಿನ ಮರದ ಕೆಳಗೇ ಬಿಟ್ಟು ಓಡಿದಳು.

ಮಂಡಿನೋವಿನ ಹೆಂಗಸು. ತಿಂಗಳುಗಟ್ಟಲೆ ಎಣ್ಣೆ ತಿಕ್ಕಿದರೂ ಬಗ್ಗದಿದ್ದ ಕಾಲು ಅವತ್ತು ಬಗ್ಗಿತು. ಕೆಂದಿಗೆ ಇದು ಆಟ ಅನ್ನಿಸಿತೋ ಏನೋ, ಜಾಲಿಕಂಟಿಯ ಸಂದಿಯಲ್ಲಿ ನುಗ್ಗಿತು. ಅಲ್ಲಿಂದ ಕೆಸರಿಗೆ ಇಳಿಯಿತು. ಕೊನೆಗೆ ಹೊಟ್ಟೆಮಟ್ಟ ನೀರಿನಲ್ಲಿ ನಿಂತು, ಏನೂ ಗೊತ್ತಿಲ್ಲದಂತೆ ನೀರು ಹೀರತೊಡಗಿತು. ದಾನಮ್ಮ ಸೀರೆ ಎತ್ತಿಕಟ್ಟಿ ನೀರಿಗಿಳಿದು, ಒಂದು ಕೈಯಲ್ಲಿ ಕೋಡು ಹಿಡಿದು, ಇನ್ನೊಂದರಲ್ಲಿ ತಿರುಪು ಬಿಚ್ಚಿದಳು. ಬಿಚ್ಚುವಷ್ಟರಲ್ಲಿ ಕೆಂದಿ ತಲೆ ಕೊಡವಿತು, ಕಿವಿ ಆಕೆಯ ಕೆನ್ನೆಗೆ ಬಡಿಯಿತು.

ತಿರುಗಿ ಬರುವಾಗ ಸೀರೆ ಮೊಣಕಾಲ ತನಕ ಕೆಸರಾಗಿತ್ತು, ತುರುಬು ಬಿಚ್ಚಿತ್ತು. ಅಜ್ಜಾರು ಮರದ ಕೆಳಗೆ ಕೂತು ತಾವೇ ಜೋಳ ಹಸನು ಮಾಡುತ್ತಿದ್ದರು.

"ನಿಮಗ ಬುದ್ಧಿ ಐತೇನ್ರಿ ಅಜ್ಜಾರ?"

ಗುರುಗಳಿಗೆ ಇಂಥ ಮಾತು ಆಡಿದವಳಲ್ಲ ದಾನಮ್ಮ. ತನ್ನ ಬಾಯಿಗೆ ತಾನೇ ಹೆದರಿದಳು. ಆದರೆ ನಿಲ್ಲಿಸಲಾಗಲಿಲ್ಲ.

"ನೀರಾಗ ಬಿದ್ದಿದ್ರ? ಜಾಲಿಗೆ ಸಿಕ್ಕಿದ್ರ? ಇವಕ್ಕಾಗಿ ನಾ ಎಷ್ಟ ಕಾದೀನಿ ಅಂತ ಗೊತ್ತೇನ್ರಿ ನಿಮಗ?"

"ಗೊತ್ತಿಲ್ಲ," ಅಂದರು ಅಜ್ಜಾರು. "ಹೇಳು."

ದಾನಮ್ಮ ನೆಲಕ್ಕೆ ಕೂತಳು.

"ಮದುವಿಯಾಗಿ ಬಂದ ವರ್ಷನ ಅತ್ತಿ ನನಗ ಮ್ಯಾಲಿನ ಕಿವಿ ಚುಚ್ಚಿಸಿದ್ರು. ಬುಗುಡಿ ನಿನಗನ ಅಂದ್ರು. ತೂತು ಮುಚ್ಚಬಾರದು ಅಂತ ಕಸಬರಿಗಿ ಕಡ್ಡಿ ಮುರಿದು ಸಿಗಿಸಿದ್ರು. ದೀಪಾವಳಿಗೆ ಕೊಡ್ತೀನಿ ಅಂದ್ರು. ದೀಪಾವಳಿ ಬಂದಾಗ ಯುಗಾದಿ ಅಂದ್ರು. ಕಡ್ಡಿ ಮುರೀತು, ಇನ್ನೊಂದು ಹಾಕ್ಕೊಂಡೆ. ಹಿಂಗ ಎಷ್ಟು ಕಸಬರಿಗಿ ಸವದ್ವೋ."

"ಕೊನಿಗೆ ಕೊಟ್ರಲ್ಲ."

"ಕೊಟ್ರು. ಮನಿಯವರು ತೀರಿಕೊಂಡ ಮ್ಯಾಲ ಕೊಟ್ರು. ಗಂಡ ಇಲ್ಲದಾಕಿ ಹಾಕ್ಕೊಳ್ಳೂದು ಹೆಂಗ್ರಿ? ಡಬ್ಬ್ಯಾಗ ಇಟ್ಟೆ. ಒಂದ ದಿನ ಹಾಕ್ಕೊಂಡಿಲ್ರಿ ಅಜ್ಜಾರ."

"ಅತ್ತಿ ಮ್ಯಾಲ ಸಿಟ್ಟು ಬರಲಿಲ್ಲೇನು?"

"ಬರದ ಇರ್ತದೇನ್ರಿ? ಅವರನ್ನ ಮಣ್ಣು ಮಾಡಿ ಬಂದ ದಿನಾನೂ ಸಿಟ್ಟು ಹೋಗಿರಲಿಲ್ಲ."

ಇದನ್ನು ಆಕೆ ಯಾರ ಮುಂದೆಯೂ ಹೇಳಿರಲಿಲ್ಲ. ಅಜ್ಜಾರು ಮೊರವನ್ನು ಇಬ್ಬರ ನಡುವೆ ಸರಿಸಿದರು. ಇಬ್ಬರೂ ಜೋಳದೊಳಗಿನ ಹರಳು ಆರಿಸತೊಡಗಿದರು.

"ಮತ್ತ ನೀನು ವೈಶಾಲಿಗೆ ಯಾಕ ಕೊಡಲಿಲ್ಲ?"

"ಕೊಡಬೇಕಂತನ ಇದ್ದೆ ರೀ. ಅಕಿ ಕಿವ್ಯಾಗ ತೂತ ಇಲ್ಲಲ್ಲ."

"ಚುಚ್ಚಿಸಿರಲಿಲ್ಲೇನು?"

ದಾನಮ್ಮ ಒಂದು ಹರಳು ಎಸೆದಳು. ಇನ್ನೊಂದು ಎಸೆದಳು. ಮೂರನೆಯದು ಹರಳಲ್ಲ, ಜೋಳ. ಅದನ್ನೂ ಎಸೆದಳು.

"ಚುಚ್ಚಿಸಿದ್ಲು," ಅಂದಳು ಕೊನೆಗೆ. "ಬಂದ ವರ್ಷನ. ತಾನ ಪತ್ತಾರನ ಅಂಗಡಿಗೆ ಹೋಗಿ ಚುಚ್ಚಿಸಿಕೊಂಡು ಬಂದಿದ್ಲು. ಕಿವಿ ಬಾತು ಕೆಂಪಗಾಗಿತ್ತು. ನಕ್ಕೋಂತ ಬಂದು ತೋರಿಸಿದ್ಲು."

"ನೀ ಏನಂದಿ?"

"ಹಬ್ಬ ಬರ್ಲಿ, ಕೊಡ್ತೀನಿ ಅಂದೆ."

"ಯಾವ ಹಬ್ಬ?"

ದಾನಮ್ಮ ಬಾಯಿ ತೆರೆದಳು. ಹಬ್ಬದ ಹೆಸರು ನಾಲಿಗೆಯ ತನಕ ಬಂದು ಅಲ್ಲೇ ನಿಂತಿತು. ಅತ್ತೆ ಹೇಳಿದ್ದೂ ಅದೇ ಹೆಸರು ಅಂತ ಈಗಷ್ಟೇ ತಾನೇ ಹೇಳಿದ್ದಳು.

"ದೀಪಾವಳಿ," ಅಂದಳು.

"ಆಮ್ಯಾಲ?"

"ಯುಗಾದಿ."

ಹೊಳೆಯಲ್ಲಿ ಕೆಂದಿ ಮೂಗುಸಿರು ಬಿಟ್ಟಿದ್ದು ಇಲ್ಲಿಗೂ ಕೇಳಿಸಿತು.

"ಕಾದು ಕಾದು ಒಂದ ದಿನ ಕಡ್ಡಿ ತಗದು ಒಗದ್ಲು. ತೂತು ಮುಚ್ಚಿತು. ಈಗಿನ ಹುಡುಗೀರಿಗೆ ತಾಳ್ಮಿ ಇಲ್ಲ ಅಂತ ನಾನ ಓಣಿತುಂಬ ಹೇಳಿದೆ."

ಅಜ್ಜಾರು ಆಕೆಯ ಕಿವಿಯ ಕಡೆ ಬೆರಳು ಮಾಡಿದರು.

"ಅಲ್ಲೇನೈತಿ?"

ತನ್ನ ಬೆರಳು ಕಿವಿಗೆ ಮುಟ್ಟುವ ಮೊದಲೇ ದಾನಮ್ಮನಿಗೆ ಗೊತ್ತಿತ್ತು. ಓಟದಲ್ಲಿ ಸೆರಗು ಜಾರಿತ್ತು. ಎರಡೂ ಕಿವಿಯ ಮೇಲಂಚಿನಲ್ಲಿ ಒಂದೊಂದು ಸಣ್ಣ ಕಸಬರಿಗೆ ಕಡ್ಡಿ. ಹೊಸ ಕಸಬರಿಗೆ ತಂದಾಗಲೆಲ್ಲ ಮೊದಲು ಎರಡು ಕಡ್ಡಿ ಮುರಿದು ಕಿವಿಗೆ, ಆಮೇಲೆ ಕಸಕ್ಕೆ. ತಲೆತುಂಬ ಸೆರಗು ಹೊದೆಯುವುದರಿಂದ ಯಾರಿಗೂ ಕಂಡಿರಲಿಲ್ಲ.

"ರೂಢಿ ರೀ," ಅಂದಳು.

ಅಜ್ಜಾರು ಇನ್ನೊಂದು ಹರಳು ಆರಿಸಿ ಎಸೆದರು.

"ರೂಢಿ ಅಲ್ಲ," ಅಂದಳು ದಾನಮ್ಮ. ಈ ಸಲ ಕಣ್ಣೀರು ತಡೆಯಲಿಲ್ಲ.

ಅಜ್ಜಾರು ಡಬ್ಬಿಯನ್ನು ಆಕೆಯ ಮುಂದಕ್ಕೆ ನೂಕಿದರು. "ಇದನ್ನ ತಗೊಂಡ ಹೋಗು. ಮಠದಾಗ ಜಗಳ ಇಡಾಕ ಜಾಗ ಇಲ್ಲ."

ಅಷ್ಟರಲ್ಲಿ ದಂಡೆಯ ಮೇಲೆ ಸ್ಕೂಟಿಯ ಸದ್ದಾಯಿತು. ಮಾತು ಬಿಟ್ಟಿದ್ದರೂ ವೈಶಾಲಿ ಸೋಮವಾರ ಸಂಜೆ ಅತ್ತೆಯನ್ನು ಕರೆದೊಯ್ಯುವುದನ್ನು ಬಿಟ್ಟಿರಲಿಲ್ಲ. ಅಜ್ಜಾರಿಗೆ ದೂರದಿಂದಲೇ ಕೈ ಮುಗಿದಳು. ಅತ್ತೆಯ ಅವತಾರ ಕಂಡದ್ದೇ ಚಪ್ಪಲಿ ಅತ್ತೊಂದು ಇತ್ತೊಂದು ಬಿಟ್ಟು ಓಡಿ ಬಂದಳು.

"ಏನಾತ್ರಿ ಅತ್ತಿ? ಎಲ್ಲಿ ಬಿದ್ರಿ?"

ದಾನಮ್ಮ ಕೈಯಲ್ಲಿದ್ದ ಬುಗುಡಿಯನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ಸೊಸೆಯ ಅಂಗೈಯಲ್ಲಿಟ್ಟು, ಬೆರಳು ಮಡಿಸಿದಳು.

"ತಗೋ. ಬೆಂಡವಾಲಿ ಮಾಡಿಸ್ಕೋ. ಹಬ್ಬ ಗಿಬ್ಬ ಬ್ಯಾಡ. ಹೋಗೂ ದಾರ್ಯಾಗ ಪತ್ತಾರನ ಅಂಗಡಿ ಮುಂದ ಗಾಡಿ ನಿಂದ್ರಸು."

ವೈಶಾಲಿ ಡಬ್ಬಿ ತೆರೆದಳು. ಒಂದು ತಿರುಪಿಗೆ ಕೆಂಪು ಕೂದಲು ಅಂಟಿತ್ತು. ಅದೇನು ಅಂತ ಕೇಳಲು ಮುಖ ಎತ್ತಿದವಳು ಅತ್ತೆಯ ಕಿವಿ ಕಂಡಳು. ಕೇಳಬೇಕೆಂದಿದ್ದ ಮಾತು ಮರೆತಳು.

"ಅತ್ತಿ, ನೀವು ಇನ್ನೂ ಕಡ್ಡಿ ಇಟ್ಕೊಂಡೀರೇನ್ರಿ?"

ದಾನಮ್ಮ ತಲೆ ತಗ್ಗಿಸಿದಳು.

ವೈಶಾಲಿಯ ಕೈ ತನ್ನ ಕಿವಿಗೆ, ತೂತು ಮುಚ್ಚಿದ ಜಾಗಕ್ಕೆ ಹೋಗಿ ಬಂತು. ಆಮೇಲೆ ಅತ್ತೆಯ ಪಕ್ಕದಲ್ಲಿ ಕೂತು, ಒಂದು ಕಡ್ಡಿಯನ್ನು ಮೆಲ್ಲಗೆ ಎಳೆದು ತೆಗೆದಳು. ಇನ್ನೊಂದನ್ನೂ ತೆಗೆದಳು.

"ಪತ್ತಾರನ ಅಂಗಡಿ ಎಲ್ಲೂ ಓಡಿಹೋಗೂದಿಲ್ಲ," ಅಂದಳು. "ಮೊದಲ ನೀವು ಹಾಕ್ಕೊಳ್ರಿ. ಹಾಕ್ಕೊಂಡು ಮನಸ್ಸ ತುಂಬೂತನ ಓಡಾಡ್ರಿ. ನಾ ನೋಡಬೇಕು. ಆಮ್ಯಾಲ ಮುರಿಸೂಣು."

ಬುಗುಡಿ ಕಿವಿಯ ಹತ್ತಿರ ಬಂದದ್ದೇ ದಾನಮ್ಮ ಬೆಚ್ಚಿ ಹಿಂದೆ ಸರಿದಳು. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

"ಹುಚ್ಚಿ, ಗಂಡ ಇಲ್ಲದಾಕಿ ನಾನು. ನೋಡಿದ ಮಂದಿ ಏನಂದಾರು? ಅಜ್ಜಾರ, ನೀವರೆ ಹೇಳ್ರಿ ಅಕಿಗೆ."

ಅಜ್ಜಾರಿಗೆ ಸಾಕುಸಾಕಾಗಿತ್ತು. ಮೊರ ಕೆಳಗಿಟ್ಟರು.

"ದಾನಮ್ಮ, ಕೆಂದಿಗೆ ಹಾಕಿದಾಗ ಇದರ ಗಂಡ ಎಲ್ಲಿ ಅಂತ ನೀ ಒಂದ ಮಾತು ಕೇಳಲಿಲ್ಲಲ್ಲ."