ಗಣಿ ಧಣಿ ತೀರಿಸಿದ ಮುಯ್ಯಿ

ಹತ್ತಿರ ಬನ್ನಿ, ಕಾಲು ಮಡಚಿ ಕೂತ್ಕೊಳ್ಳಿ. ಆಕಳಿಸೋರು ಈಗಲೇ ಆಕಳಿಸಿ ಮುಗಿಸಿಬಿಡಿ. ಕತೆ ನಡುವೆ ಯಾರಾದರೂ ಬಾಯಿ ತೆರೆದರೆ ನನಗೆ ಮೈ ಉರಿಯುತ್ತೆ.

ಒಂದು ರಾಜ್ಯದಲ್ಲಿ ಒಂದು ಕೆಂಪು ಗುಡ್ಡ ಇತ್ತು. ಗುಡ್ಡದ ಹೊಟ್ಟೆ ತುಂಬ ಕಬ್ಬಿಣದ ಕಲ್ಲು. ಗುಡ್ಡದ ಬುಡದಲ್ಲಿ ಮೇಗಲಕೆರೆ ಅಂತ ಊರು. ಊರಿಗೆ ಇದ್ದದ್ದು ಒಂದೇ ಕೆರೆ. ಕುಡಿಯೋಕೂ ಅದೇ, ದನಕ್ಕೂ ಅದೇ, ಗದ್ದೆಗೂ ಅದೇ. ಕೆರೆ ಹೋದರೆ ಊರು ಹೋಯ್ತು, ಅಷ್ಟೇ.

ಆ ಗುಡ್ಡವನ್ನು ರಾಜ ಒಬ್ಬ ಧಣಿಗೆ ಅಗೆಯೋಕೆ ಕೊಟ್ಟ. ಧಣಿಯ ಹೆಸರು ಜಯಪಾಲಯ್ಯ, ಪಟ್ಟಣದವನು. ಬರುವಾಗ ಬಂಡಿ ತಂದ, ಎತ್ತು ತಂದ, ದೂರದೂರಿಂದ ಕಲ್ಲೊಡೆಯೋ ಆಳು ತಂದ. ಅಡುಗೆಯವರನ್ನು ತಂದ, ಕಾವಲಿನವರನ್ನು ತಂದ, ತನ್ನನ್ನು ಹೊಗಳಿ ಹಾಡೋಕೆ ಹೊಗಳುಭಟ್ಟರನ್ನೂ ತಂದ. ಆ ಊರಲ್ಲಿ ಅವನಿಗೆ ಬೇಕಾಗಿದ್ದು ಗುಡ್ಡ ಒಂದೇ. ಜನ ಬೇಕಾಗಿರಲಿಲ್ಲ.

ಬಂದ ದಿನವೇ ಅರಳಿಕಟ್ಟೆ ಹತ್ತಿ ನಿಂತ. "ಮಹಾಜನಗಳೇ, ನಾನು ಬಂದಿರುವುದು ಕಲ್ಲಿಗಾಗಿ ಅಲ್ಲ. ನಿಮ್ಮ ಉದ್ಧಾರಕ್ಕಾಗಿ!" ಅಂದ.

ಎಂಥ ದೊಡ್ಡ ಮನಸ್ಸು ನೋಡಿ! ಉದ್ಧಾರ ಮಾಡೋಕೆ ಅಂತಲೇ ಪಾಪ ಅಷ್ಟು ದೂರ ಬಂದಿದ್ದ. ಬಂದ ಜಾಗದಲ್ಲಿ ಕಬ್ಬಿಣದ ಗುಡ್ಡ ಇದ್ದದ್ದು ಅವನ ತಪ್ಪಲ್ಲ.

ಮೊದಲನೇ ವರ್ಷ ಊರವರು ಹೋಗಿ ಕೇಳಿದರು: "ಧಣೀ, ಗಣಿಯಲ್ಲಿ ನಮ್ಮೋರಿಗೂ ಒಂದಿಷ್ಟು ಕೆಲಸ ಕೊಡಿ." ಧಣಿ ಮರುಗಿದ. ಮರುಗಿ, ಮನೆಗೊಂದು ಕನ್ನಡಿ ಹಂಚಿದ. ಊರವರು ಕನ್ನಡಿ ನೋಡಿಕೊಂಡರು. ಮುಖದ ತುಂಬ ಕೆಂಧೂಳು ಕಾಣಿಸಿತು.

ಎರಡನೇ ವರ್ಷ ಹೋಗಿ ಕೇಳಿದರು: "ಧಣೀ, ಧೂಳಿಗೆ ಉಸಿರು ಕಟ್ತೈತೆ. ಬಂಡಿ ದಾರಿಗೆ ದಿನಾ ನೀರು ಹೊಡೆಸಿ." ಧಣಿ ಇನ್ನೂ ಮರುಗಿದ. ಮನೆಗೊಂದು ಛತ್ರಿ ಹಂಚಿದ. ಧೂಳು ಮೇಲಿಂದ ಬೀಳೋದಿಲ್ಲ, ಕೆಳಗಿಂದ ಏಳುತ್ತೆ ಅನ್ನೋದನ್ನು ಅವನಿಗೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತೆ.

ಮೂರನೇ ವರ್ಷ ಕೈ ಮುಗಿದು ಕೇಳಿದರು: "ಧಣೀ, ನಿಮ್ಮ ಗಣಿ ಮಣ್ಣೆಲ್ಲ ಮಳೇಲಿ ಕೊಚ್ಕೊಂಡು ಬಂದು ಕೆರೆ ತುಂಬೈತೆ. ಹೂಳು ತೆಗೆಸಿಕೊಡಿ." ಈ ಸಲ ಧಣಿಯ ಕಣ್ಣಲ್ಲಿ ನೀರೇ ಬಂತು. ಊರ ಬಾಗಿಲಿಗೆ ಒಂದು ಕಲ್ಲಿನ ಕಮಾನು ಕಟ್ಟಿಸಿದ. ಕಮಾನಿನ ಮೇಲೆ ತನ್ನದೇ ಮೂರ್ತಿ ಕೂರಿಸಿದ. ಹೊಗಳುಭಟ್ಟರು ಬೆಳಗಿಂದ ಸಂಜೆವರೆಗೂ ಹಾಡಿದರು. ಹೆಂಗಸರು ಆ ಕಮಾನಿನ ಕೆಳಗೇ ಕೆರೆಗೆ ಹೋದರು, ಆ ಕಮಾನಿನ ಕೆಳಗೇ ಖಾಲಿ ಕೊಡ ಹೊತ್ಕೊಂಡು ವಾಪಸ್ ಬಂದರು.

ಆ ಬೇಸಿಗೆಗೆ ಕೆರೆಯಲ್ಲಿ ಉಳಿದದ್ದು ಕೆಂಪು ರಾಡಿ. ಹಿರಿಯರು ಕಟ್ಟೆಯಲ್ಲಿ ಕೂತು ಅಂದರು: "ಮಳೆ ಬರೋದ್ರೊಳಗೆ ಹೂಳು ತೆಗೀಬೇಕು. ತೆಗೀಲಿಲ್ಲ ಅಂದ್ರೆ ಬಂದ ನೀರೆಲ್ಲ ಕೋಡಿ ಬಿದ್ದು ಹೋಗುತ್ತೆ. ಆಮೇಲೆ ಗಂಟುಮೂಟೆ ಕಟ್ಟೋದೇ ಸೈ." ತೆಗೆಯೋದು ಹೇಗೆ? ಅಷ್ಟು ಹೂಳು ಸಾಗಿಸೋಕೆ ಬೇಕಾದಷ್ಟು ಎತ್ತೂ ಊರಲ್ಲಿಲ್ಲ, ಬಂಡಿಯೂ ಇಲ್ಲ. ಆಗಲೇ ಕೆಲವು ಮನೆಗಳಲ್ಲಿ ಬೀಸುಕಲ್ಲು ಕಿತ್ತು ಹೊರಗಿಟ್ಟಿದ್ದರು. ಬೀಸುಕಲ್ಲು ಕಿತ್ತಿಟ್ಟರೆ ಆ ಮನೆ ಊರು ಬಿಡೋಕೆ ಹೊರಟಿತು ಅಂತಲೇ ಅರ್ಥ ಕಣ್ರಪ್ಪಾ.

ಆ ಊರಲ್ಲಿ ಹುಲಿಗೆವ್ವ ಅಂತ ಒಬ್ಬ ಹೆಂಗಸು ಇದ್ದಳು. ಗಂಡ ಸತ್ತಮೇಲೆ ಮನೆ ಯಜಮಾನಿಕೆ ತಾನೇ ಹೊತ್ತವಳು. ಬಾಯಿ ಅಂದರೆ ಬಾಯಿ, ಊರೆಲ್ಲ ಹೆದರೋರು. ಊರ ಮುಯ್ಯಿ ಕೂಗೋಳು ಅವಳೇ.

ಮುಯ್ಯಿ ಅಂದರೆ ಏನು ಗೊತ್ತಲ್ಲ? ಇವತ್ತು ನಿಮ್ಮ ಹೊಲಕ್ಕೆ ನಾವು ಬರ್ತೀವಿ, ನಾಳೆ ನಮ್ಮ ಹೊಲಕ್ಕೆ ನೀವು ಬರಬೇಕು. ಕೂಲಿ ಇಲ್ಲ, ಒಂದು ಹೊತ್ತಿನ ಊಟ ಅಷ್ಟೇ. ಎಷ್ಟು ಜನ ಬಂದಿದ್ದರೋ ಅಷ್ಟೇ ಜನ ತಿರುಗಿ ಹೋಗಬೇಕು. ಮನೆ ಯಜಮಾನ ಬಂದಿದ್ದರೆ ಯಜಮಾನನೇ ಹೋಗಬೇಕು, ಬರೀ ಆಳನ್ನು ಕಳಿಸೋ ಹಾಗಿಲ್ಲ. ಎತ್ತು ಬಂಡಿ ಇದ್ದೋರು ಅದನ್ನೂ ಕಟ್ಕೊಂಡು ಹೋಗಬೇಕು. ಬಂದೋರ ಗುದ್ದಲಿ ಮೇಲೆ ಅಂಗೈ ಇಟ್ಟು "ಕೈ ತಗೊಂಡೆ, ಕೈ ಕೊಡ್ತೀನಿ" ಅಂತ ನಾಲ್ಕು ಜನರ ಮುಂದೆ ಹೇಳಿದರೆ ಮುಗೀತು. ಮುಯ್ಯಿ ತೀರಿಸದೋನ ಮನೆಗೆ ಆ ಊರಲ್ಲಿ ಬೆಂಕಿಯನ್ನೂ ಕೊಡ್ತಿರಲಿಲ್ಲ.

ಇತ್ತ ಧಣಿಗೂ ಒಂದು ಕಷ್ಟ ಬಂತು. ಅವನ ಆಳುಗಳೂ ಕುಡಿಯೋದು ಅದೇ ಕೆರೆ ನೀರು ತಾನೆ? ರಾಡಿ ಕುಡಿದು ಹೊಟ್ಟೆ ಕೆಟ್ಟು, ಕಲ್ಲೊಡೆಯೋರೆಲ್ಲ ಒಂದು ಬೆಳಗ್ಗೆ ಎದ್ದು ತಮ್ಮೂರಿಗೆ ನಡೆದುಬಿಟ್ಟರು. ಅದೇ ವಾರ ರಾಜನ ಓಲೆಕಾರ ಬಂದ. "ಕೋಟೆಗೆ ಹೊಸ ಕಬ್ಬಿಣದ ಬಾಗಿಲು ಮಾಡಿಸ್ತಿದಾರೆ. ಹುಣ್ಣಿಮೆಯೊಳಗೆ ಕಲ್ಲು ಬರಲಿಲ್ಲ ಅಂದರೆ ಗುಡ್ಡ ಬೇರೆಯವರಿಗೆ. ನಿಮಗೆ ಕತ್ತೆ ಮೇಲೆ ಮೆರವಣಿಗೆ," ಅಂದು ಹೋದ.

ಧಣಿ ಬೆವೆತ. ಆಗ ಅವನ ಗುಮಾಸ್ತ ಕಿವಿಯಲ್ಲಿ ಉಸುರಿದ: "ಸ್ವಾಮೀ, ಈ ಊರವರು ಮುಯ್ಯಿ ಅಂತ ಒಂದು ಕೆಲಸ ಮಾಡ್ತಾರಂತೆ. ಕೂಲಿಯೇ ಕೇಳೋದಿಲ್ಲವಂತೆ."

"ಕೂಲಿಯೇ ಕೇಳೋದಿಲ್ಲವೇ!" ಧಣಿ ಎದ್ದು ನಿಂತ. "ಇಂಥ ಬಂಗಾರದಂಥ ಜನರನ್ನು ಬಿಟ್ಟು ನಾನು ಯಾರನ್ನೋ ಕರೆತಂದೆನಲ್ಲಯ್ಯಾ!"

ಹಾಗಂದು ತಾನೇ ನಡೆದು ಹುಲಿಗೆವ್ವನ ಮನೆ ಮುಂದೆ ನಿಂತ. ಅವಳು ಅಂಗಳ ಗುಡಿಸ್ತಾ ಇದ್ದವಳು ಪೊರಕೆ ಬಿಡಲಿಲ್ಲ.

"ಮುಯ್ಯಿ ಬೇಕಮ್ಮಾ," ಅಂದ.

"ಮುಯ್ಯಿ ಅಂದ್ರೆ ಏನು ಅಂತ ಗೊತ್ತೈತಾ ಧಣೀ?"

"ಗೊತ್ತು, ಗೊತ್ತು."

"ತಿರುಗಿ ಕೊಡಬೇಕಾಗುತ್ತೆ. ಗೊತ್ತೈತಾ?"

"ಗೊತ್ತಮ್ಮಾ, ಎಲ್ಲ ಗೊತ್ತು."

"ಯಜಮಾನರು ಬಂದ್ರೆ ಯಜಮಾನರೇ ಬರಬೇಕು. ಗೊತ್ತೈತಾ?"

"ಅಯ್ಯೋ, ಎಷ್ಟು ಸಲ ಹೇಳಲಿ? ನಿಮ್ಮ ಪದ್ಧತಿ ಅಂದರೆ ನನಗೆ ಪ್ರಾಣ!" ಅಂದ ಧಣಿ. ಮನಸ್ಸಿನಲ್ಲಿ, ಹಳ್ಳಿಯವರ ಶಾಸ್ತ್ರ, ಮಾಡಿಬಿಟ್ಟರಾಯ್ತು ಅಂದುಕೊಂಡ. ಊರೆಲ್ಲ ಸೇರಿದ ಕಡೆ ಗುದ್ದಲಿ ರಾಶಿ ಮೇಲೆ ಅಂಗೈ ಇಟ್ಟ. "ಕೈ ತಗೊಂಡೆ, ಕೈ ಕೊಡ್ತೀನಿ" ಅಂತ ದೇವಸ್ಥಾನದಲ್ಲಿ ಮಂತ್ರ ಹೇಳೋ ಹಾಗೆ ಕಣ್ಣು ಮುಚ್ಚಿ ಹೇಳಿದ.

ಅವನು ಅತ್ತ ಹೋದಮೇಲೆ ಇತ್ತ ಗಲಾಟೆ. ಸಣ್ಣಗಾದ್ರಿ ಅನ್ನೋ ಒಕ್ಕಲಿಗ ಹಾರಾಡಿದ: "ನಿನಗೆ ತಲೆ ಕೆಟ್ಟೈತಾ ಹುಲಿಗೆವ್ವಾ? ಕೆರೆ ಹಾಳು ಮಾಡಿದೋನಿಗೆ ಮುಯ್ಯಿ ಹೋಗಬೇಕಾ?"

"ಲೋ ಗಾದ್ರಿ," ಅಂದಳು ಹುಲಿಗೆವ್ವ. "ಅವನ ಕೊಟ್ಟಿಗೇಲಿ ಎತ್ತು ಎಷ್ಟವೆ ನೋಡಿದೀಯಾ? ಬಂಡಿ ಎಷ್ಟವೆ ನೋಡಿದೀಯಾ? ಕೊಡಪ್ಪಾ ಅಂತ ಕೇಳಿದ್ದಕ್ಕೆ ಕಮಾನು ಕಟ್ಟಿಸಿದ. ಈಗ ಅವನೇ ಬಾಯಿಬಿಟ್ಟು ಸಾಲ ತಗೊಂಡವ್ನೆ. ಒಂದು ಮನೇನೂ ತಪ್ಪಬಾರದು, ಎಲ್ಲಾ ಮನೆ ಯಜಮಾನರೂ ನಡೀರಿ. ಎಷ್ಟು ಜನ ಹೋಗ್ತೀವೋ ಅಷ್ಟು ಹೂಳು ಏಳುತ್ತೆ!"

ಗಾದ್ರಿ ಗುದ್ದಲಿ ಹೆಗಲಿಗೇರಿಸಿದ. ಊರಿಗೆ ಊರೇ ಗುಡ್ಡ ಹತ್ತಿತು. ಮುದುಕರೂ ಹೋದರು, ಮದುಮಕ್ಕಳೂ ಹೋದರು. ಕುಂಟ ತಿಪ್ಪೇಶಿ ಕೋಲೂರಿಕೊಂಡು ಹೋಗಿ ಹಾರೆ ಹಿಡಿದ. ಹುಣ್ಣಿಮೆಗೆ ಮುಂಚೆಯೇ ಕಲ್ಲು ಕೋಟೆ ಸೇರಿತು. ರಾಜ ಖುಷಿಯಾಗಿ ಧಣಿಗೆ ಶಾಲು ಹೊದಿಸಿದ.

ಮಾರನೇ ದಿನವೇ ಹುಲಿಗೆವ್ವ ಧಣಿಯ ಬಾಗಿಲಲ್ಲಿ. "ಧಣೀ, ಮುಯ್ಯಿ ತೀರಿಸಿ. ಎಲ್ಲಾ ಮನೆಯೋರೂ ಒಂದೇ ಕೆಲಸ ಹೇಳವ್ರೆ. ಕೆರೆ ಹೂಳು."

ಧಣಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾನು? ಹೂಳು? ಹೋಗಮ್ಮಾ, ಮನೆಗೊಂದು ಬೀಸಣಿಗೆ ಕೊಡ್ತೀನಿ."

"ಬೀಸಣಿಗೆ ಬ್ಯಾಡ. ಕೈ ಕೊಡ್ತೀನಿ ಅಂದಿದ್ರಿ, ಕೈ ಕೊಡಿ."

ಧಣಿ ಬಾಗಿಲು ಹಾಕಿಕೊಂಡ. ಆಕಾಶದಲ್ಲಿ ಮೋಡ ಕಟ್ಟೋಕೆ ಶುರುವಾಗಿತ್ತು. ಹುಲಿಗೆವ್ವ ಜಗಳಕ್ಕೆ ನಿಲ್ಲಲಿಲ್ಲ, ಅದೇ ಆಶ್ಚರ್ಯ. ಊರ ಜನರನ್ನು ಕಟ್ಟಿಕೊಂಡು ನೆಟ್ಟಗೆ ಅರಮನೆಗೆ ಹೋದಳು. ರಾಜ ಧಣಿಯನ್ನೂ ಕರೆಸಿದ.

"ಮಹಾಸ್ವಾಮೀ," ಅಂದಳು ಹುಲಿಗೆವ್ವ, "ನಿಮ್ಮ ಬಾಗಿಲಿಗೆ ಬಂದ ಕಲ್ಲು ನಾವು ಅಗೆದದ್ದು. ಯಾವ ಲೆಕ್ಕದಲ್ಲಿ ಅಗೆದ್ವಿ ಅಂತ ಇವರನ್ನೇ ಕೇಳಿ. ಇವರು ಹೇಳಿದ್ದಕ್ಕೆ ನಮ್ಮ ಒಪ್ಪಿಗೆ ಐತೆ."

ಎಂಥ ಸುಲಭದ ಪ್ರಶ್ನೆ! ಧಣಿ ಮೀಸೆಯಡಿ ನಕ್ಕ.

ರಾಜ ಕೇಳಿದ: "ಕೂಲಿ ಕೊಟ್ಟು ಮಾಡಿಸಿದೆಯೇನು?"

"ಹೌದು ಪ್ರಭೂ, ಕೈ ತುಂಬ!"

"ಕೂಲಿಯ ಮೇಲೆ ನನಗೆ ಸುಂಕ ಬರಬೇಕಲ್ಲ? ಬಂದಿಲ್ಲವಲ್ಲ?" ರಾಜನ ಹುಬ್ಬು ಮೇಲೇರಿತು. ನ್ಯಾಯದ ವಿಷಯದಲ್ಲಿ ಆ ರಾಜ ಸ್ವಲ್ಪ ಮರೆಗುಳಿ, ಸುಂಕದ ವಿಷಯದಲ್ಲಿ ಅಲ್ಲ.

"ಇಲ್ಲ ಇಲ್ಲ ಪ್ರಭೂ! ಬಾಯಿ ತಪ್ಪಿ ಬಂತು. ಕೂಲಿ ಕೊಡಲಿಲ್ಲ."

"ಹಾಗಾದರೆ ಬಿಟ್ಟಿ ಹಿಡಿದೆಯೇನು?" ರಾಜ ಸಿಂಹಾಸನದಿಂದ ಅರ್ಧ ಎದ್ದ. "ಈ ರಾಜ್ಯದಲ್ಲಿ ಜನರನ್ನು ಬಿಟ್ಟಿ ದುಡಿಸೋ ಹಕ್ಕು ನನ್ನೊಬ್ಬನದು. ಇನ್ನೊಬ್ಬ ದುಡಿಸಿದರೆ ತಾನೇ ರಾಜ ಅಂದುಕೊಂಡ ಅಂತ ಅರ್ಥ. ಅದಕ್ಕೆ ಶಿಕ್ಷೆ ಏನು ಗೊತ್ತಾ?"

ಧಣಿ ಕುತ್ತಿಗೆ ಮುಟ್ಟಿ ನೋಡಿಕೊಂಡ. "ಶಿವ ಶಿವಾ, ಬಿಟ್ಟಿ ಅಲ್ಲ ಪ್ರಭೂ! ದಾನ! ಪ್ರೀತಿಯಿಂದ ತಾವೇ ಬಂದು ಮಾಡಿದರು!"

"ಓಹೋ, ದಾನವೋ. ಹಾಗಾದರೆ ದಾನ ಕೊಟ್ಟವರು ಇವರು. ಶಾಲು ನಿನ್ನ ಮೈ ಮೇಲೆ ಯಾಕಿದೆ? ತೆಗಿ. ಗುಡ್ಡವನ್ನೂ ಇವರಿಗೇ ಬರೆದುಕೊಡ್ತೀನಿ. ಪುಕ್ಕಟೆ ಕಲ್ಲು ಕೊಡೋರು ಇರುವಾಗ ನೀನು ನನಗೆ ಯಾಕೆ?"

ಧಣಿ ಶಾಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ. ಕೂಲಿ ಅಂದರೆ ಸುಂಕ, ಬಿಟ್ಟಿ ಅಂದರೆ ತಲೆ, ದಾನ ಅಂದರೆ ಗುಡ್ಡ. ಅತ್ತ ನೋಡಿದ, ಇತ್ತ ನೋಡಿದ. ಕೊನೆಗೆ ಹುಲಿಗೆವ್ವನ ಮುಖ ನೋಡಿದ. ಅವಳು ಸೀರೆ ಸೆರಗಿನ ದಾರ ಕೀಳ್ತಾ ನಿಂತಿದ್ದಳು.

"ಮು... ಮುಯ್ಯಿ ಪ್ರಭೂ," ಅಂದ. "ಮುಯ್ಯಿ ತಗೊಂಡೆ."

"ಅದೇನದು?"

"ತಗೊಂಡಷ್ಟು ಕೈ ತಿರುಗಿ ಕೊಡೋದು ಪ್ರಭೂ. ಸುಂಕ ಇಲ್ಲ."

"ಸುಂಕ ಇಲ್ಲವಾ? ಥತ್," ಅಂದ ರಾಜ. "ಹೋಗಲಿ, ನಿನ್ನ ಬಾಯಲ್ಲೇ ಬಂತಲ್ಲ. ಹೋಗಿ ಕೊಡು."

ಮಾರನೇ ಬೆಳಗ್ಗೆ ಕೆರೆ ಅಂಗಳ ನೋಡಬೇಕಿತ್ತು ನೀವು! ಧಣಿಯ ಎತ್ತುಗಳು ಬಂದವು, ಬಂಡಿಗಳು ಬಂದವು. ಕಾವಲಿನವರು ಈಟಿ ಕೆಳಗಿಟ್ಟು ಬುಟ್ಟಿ ಎತ್ತಿದರು. ಅಡುಗೆಯವರು ಬಂದರು, ಗುಮಾಸ್ತ ಪಂಚೆ ಎತ್ತಿ ಕಟ್ಟಿ ಬಂದ. ಹೊಗಳುಭಟ್ಟರು ಹಾಡೋಕೆ ಉಸಿರು ಸಾಲದೆ ಸುಮ್ಮನೆ ಮಣ್ಣು ಹೊತ್ತರು. ಅವರು ಹುಟ್ಟಿದಮೇಲೆ ಸುಮ್ಮನಿದ್ದದ್ದು ಅದೇ ಮೊದಲು. ಇಷ್ಟಾದರೂ ತಲೆ ಸಾಲದೆ ಧಣಿ ಪಟ್ಟಣದಿಂದ ತನ್ನ ಭಾವಮೈದುನರನ್ನೂ ಕರೆಸಿದ.

ಯಜಮಾನರ ಮುಯ್ಯಿಗೆ ಯಜಮಾನನೇ ಬರಬೇಕಲ್ಲ? ಧಣಿಯೂ ಬುಟ್ಟಿ ಹೊತ್ತ. ರಾಡಿಯಲ್ಲಿ ಮೊಣಕಾಲವರೆಗೆ ಹೂತು ನಿಂತು, "ಏನಮ್ಮಾ ಇದು, ಇಷ್ಟೊಂದು ಮಣ್ಣು ಎಲ್ಲಿಂದ ಬಂತು?" ಅಂತ ಗೊಣಗಿದ.

"ನಿಮ್ಮ ಗುಡ್ಡದ್ದೇ ಧಣೀ. ಗುರುತು ಸಿಗಲಿಲ್ವಾ?" ಅಂದಳು ಹುಲಿಗೆವ್ವ. "ಬುಟ್ಟಿ ಅರ್ಧ ಐತೆ. ತುಂಬ್ಕೊಳ್ಳಿ."

ಊರವರೂ ಕೈ ಕಟ್ಟಿ ನಿಲ್ಲಲಿಲ್ಲ, ಜೊತೆಗೇ ಇಳಿದರು. ಮಳೆ ಬಂದ ದಿನವೂ ಕೊನೆ ಬಂಡಿ ಹೂಳು ದಡ ಹತ್ತುತ್ತಾ ಇತ್ತು. ಕೆರೆ ತುಂಬಿತು. ಕಿತ್ತಿಟ್ಟ ಬೀಸುಕಲ್ಲುಗಳು ಮತ್ತೆ ಒಳಗೆ ಹೋದವು. ಹುಲಿಗೆವ್ವ ದಡದ ಮೇಲೆ ನಿಂತು ಗೊಳೋ ಅಂತ ಅತ್ತಳು. ಯಾಕೆ ಅಂತ ಯಾರೂ ಕೇಳಲಿಲ್ಲ, ಎಲ್ಲರಿಗೂ ಅಳು ಬಂದಿತ್ತು.

ಕೆರೆ ತುಂಬಿದ ಸುದ್ದಿ ಕೇಳಿ ಧಣಿಯ ಆಳುಗಳೂ ವಾಪಸ್ ಬಂದರು. ಸಾಲದ್ದಕ್ಕೆ ಧಣಿ ಊರವರನ್ನೂ ಕೂಲಿ ಕೊಟ್ಟು ಕೆಲಸಕ್ಕೆ ತಗೊಂಡ. ಊರ ಹುಲ್ಲು ತಿಂದು ಅವನ ಎತ್ತು ಮೈ ತುಂಬಿಕೊಂಡವು. ಗಣಿಯ ಹಾರೆ ಗುದ್ದಲಿ ಬಡಿಯೋ ಅವನ ಕುಲುಮೆಯಲ್ಲಿ ಊರ ನೇಗಿಲ ಗುಳಗಳು ಚೂಪಾದವು. ಧಣಿ ಮೊದಲಿಗಿಂತ ಜಾಸ್ತಿ ಕಲ್ಲು ತೆಗೆದ. ಊರವರು ಮೊದಲಿಗಿಂತ ಜಾಸ್ತಿ ಭತ್ತ ಬೆಳೆದರು. ಧಣಿ ಮಾತ್ರ ಪಟ್ಟಣಕ್ಕೆ ಹೋದಾಗಲೆಲ್ಲ, "ಹೂಳು ತೆಗೆಸೋ ಯೋಚನೆ ಮೊದಲಿಂದಲೂ ನನ್ನದೇ," ಅಂತ ಹೇಳಿಕೊಂಡು ತಿರುಗಿದ. ಹೇಳಿಕೊಳ್ಳಲಿ ಬಿಡಿ, ಅದರಿಂದ ಕೆರೆಯ ನೀರೇನೂ ಕಮ್ಮಿಯಾಗಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಊರವರು ಮತ್ತೆ ಕೆರೆಗೆ ಇಳಿದರು. ಧಣಿ ತಾನಾಗೇ ಬಂದ, ಹಿಂದೆ ಬಂಡಿಗಳ ಸಾಲು.

"ಏನು ಧಣೀ, ಈ ಸಲ ನಾವು ಕರೀಲೇ ಇಲ್ವಲ್ಲ?" ಅಂದಳು ಹುಲಿಗೆವ್ವ. "ಊರ ಮೇಲೆ ಪ್ರೀತಿ ಬಂತಾ?"

"ಪ್ರೀತಿಯೂ ಇಲ್ಲ, ಮಣ್ಣೂ ಇಲ್ಲ," ಅಂದ ಧಣಿ, ಪಂಚೆ ಎತ್ತಿ ಕಟ್ಟುತ್ತಾ. "ನೀವು ಊರು ಬಿಟ್ಟರೆ ನನ್ನ ಗಣಿ ಮುಳುಗುತ್ತೆ."

"ಅದು ಅರ್ಥವಾದ್ರೆ ಸಾಕು. ಪ್ರೀತಿ ಬ್ಯಾಡ, ಬುಟ್ಟಿ ಹಿಡೀರಿ," ಅಂದಳು.

ಕೇಳಿದಿರಲ್ಲ? ನೀತಿ ಇಷ್ಟೇ: ನೆಲದಿಂದ ತಗೊಳ್ಳೋನು ಆ ನೆಲದ ಜನಕ್ಕೆ ಕೊಡಬೇಕು. ಉಡುಗೊರೆ ಕೊಟ್ಟು ಕೈ ತೊಳ್ಕೊಂಡರೆ ಆಗೋದಿಲ್ಲ, ಅವರ ಕಷ್ಟಕ್ಕೆ ಹೆಗಲು ಕೊಡಬೇಕು. ಜನ ಉಳಿದರೆ ಅವನ ಕಸುಬೂ ಉಳಿಯುತ್ತೆ, ಕಸುಬು ಬೆಳೆದರೆ ಜನವೂ ಬೆಳೀತಾರೆ. ಹೂಂ, ಏಳಿ ಈಗ, ಮನೆಗಳಿಗೆ ನಡೀರಿ. ಹೋಗ್ತಾ ಈ ಚಾಪೆಗಳನ್ನು ಸುತ್ತಿಡಿ, ಹಾಸಿದ್ದು ನಾನೊಬ್ಬನೇ.